ಗಣಕಯಂತ್ರಕ್ಕೆ ನಮ್ಮ ಡಯೋಡಿನ ಪರಿಚಯ

ವಿದ್ಯುನ್ಮಂಡಲವನ್ನು ಬೆಸುಗೆ ಹಾಕುವುದಕ್ಕೆ ಮೊದಲೇ ಗಣಕಯಂತ್ರದಲ್ಲಿ ಪರೀಕ್ಷಿಸಿ ನೋಡುವ ಅನುಕೂಲವು ಈಗ ಅಕ್ಕಲಕೋಟೆ ಸೀಮೆಯ ಶಾಲೆಗಳಿಗೂ ಎಟುಕುವಂತಾಗಿದೆ. ಈ ವಿದ್ಯೆಗೆ ಬುನಾದಿಯಾದ ‘ಸ್ಪೈಸ್’ ತಂತ್ರಾಂಶವು 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದಿತು. ಅದೇ ವಂಶದ ‘ಎನ್‌ಜಿಸ್ಪೈಸ್’ ಅನ್ನು ಅಳವಡಿಸಿಕೊಂಡ ‘ಇಸಿಮ್’ ತಂತ್ರಾಂಶವನ್ನು ಮುಂಬಯಿಯ ಐ.ಐ.ಟಿ.ಯು ಸಿದ್ಧಗೊಳಿಸಿ ಉಚಿತವಾಗಿ ನೀಡುತ್ತಿದೆ.

ನಮ್ಮ ವಿದ್ಯಾರ್ಥಿಗಳು ಸೊಲ್ಲಾಪುರದ ಪೇಟೆಯಿಂದ ತಂದ ಜರ್ಮೇನಿಯಂ ಡಯೋಡಿನಿಂದ ಒಂದು ಹರಳು ರೇಡಿಯೋ ಕಟ್ಟಿದರು. ಆಂದೋಲಕದಿಂದ ಕೊಟ್ಟ ಸುಮಾರು 0.3 ವೋಲ್ಟಿನ ಸಂಕೇತವು ಶ್ರವಣಿಯಲ್ಲಿ ಚೆನ್ನಾಗಿ ಕೇಳಿಸಿತು. ಅದೇ ಮಂಡಲವನ್ನು ಯಂತ್ರದಲ್ಲಿ ಬರೆದಾಗ ಏನೂ ಹೊರಡಲಿಲ್ಲ. ತನ್ನ ಚಿತ್ರವೇ ತಪ್ಪೆಂದು ಬಗೆದ ಹುಡುಗನೊಬ್ಬನು ಅದನ್ನು ಅಳಿಸತೊಡಗಿದನು. ನಾವು ತಡೆದೆವು.

ದೋಷವಿದ್ದುದು ಬೇರೆಡೆ. ನಾವೇನೂ ಹೇಳದಿದ್ದರೆ ಸ್ಪೈಸ್ ತನ್ನ ಡಯೋಡಿನ ಸಂತೃಪ್ತ ಪ್ರವಾಹವನ್ನು, ಅಂದರೆ ‘ಐಎಸ್’ ಅನ್ನು, 10ರ ಋಣ 14ನೆಯ ಘಾತದಷ್ಟು ಆಂಪಿಯರ್ ಎಂದು ಎಣಿಸುತ್ತದೆ. ಇದು ಸಿಲಿಕಾನಿನ ಗುಣ. 1 ಮಿಲಿಆಂಪಿಯರ್ ಹರಿಯಲು ಸುಮಾರು 0.65 ವೋಲ್ಟ್ ಬೇಕು. ದುರ್ಬಲ ಸಂಕೇತವು ಆ ಬಾಗಿಲನ್ನು ತೆರೆಯಲಾರದು.

ಆದುದರಿಂದ ಮಕ್ಕಳು ಶುಷ್ಕಕೋಶ, ರೋಧಕ, ಮಲ್ಟಿಮೀಟರುಗಳಿಂದ ತಮ್ಮ ಡಯೋಡನ್ನೇ ಅಳೆದರು. 0.1 ಮಿಲಿಆಂಪಿಯರಿನಲ್ಲಿ 0.15 ವೋಲ್ಟ್, 1 ಮಿಲಿಆಂಪಿಯರಿನಲ್ಲಿ 0.24 ವೋಲ್ಟ್ ಬಂದಿತು. ಪ್ರವಾಹವು ಹತ್ತು ಮಡಿಯಾದಾಗ ಆದರ್ಶ ಡಯೋಡಿನಲ್ಲಿ 60 ಮಿಲಿವೋಲ್ಟ್ ಏರಬೇಕು. ಇಲ್ಲಿ 90 ಏರಿದೆ. ಆದಕಾರಣ ‘ಎನ್’ ಎಂಬ ಗುಣಾಂಕ 1.5, ಅದರಿಂದ ಲೆಕ್ಕಹಾಕಿದರೆ ಐಎಸ್ ಸುಮಾರು 2 ಮೈಕ್ರೋಆಂಪಿಯರ್. ಇಸಿಮ್‌ನ ಮಾಡೆಲ್ ಎಡಿಟರಿನಲ್ಲಿ ಈ ಅಂಕಿಗಳನ್ನು ತುಂಬಿ, ಹೊಸ ಹೆಸರಿನಿಂದ ಉಳಿಸಿ, ಚಿತ್ರದ ಡಯೋಡಿಗೆ ಅದನ್ನು ಜೋಡಿಸಿದೊಡನೆ ಯಂತ್ರದ ರೇಡಿಯೋ ಸಹ ನುಡಿಯಿತು.

ಇನ್ನೆರಡು ಅಂಕಿಗಳನ್ನು ಮರೆಯಬಾರದು. ರೇಡಿಯೋ ಆವೃತ್ತಿಗಳಲ್ಲಿ ಡಯೋಡಿನ ಸಂಧಿಧಾರಕತೆಯೂ ಲೆಕ್ಕಕ್ಕೆ ಬರುತ್ತದೆ. ಹೇಳದಿದ್ದರೆ ಸ್ಪೈಸ್ ಅದನ್ನು ಸೊನ್ನೆ ಎನ್ನುತ್ತದೆ. ಶಕ್ತಿಯ ಅಂತರವಾದ ‘ಇಜಿ’ಯನ್ನು ಸಿಲಿಕಾನಿನ 1.11ರಿಂದ ಜರ್ಮೇನಿಯಮ್ಮಿನ 0.67ಕ್ಕೆ ಇಳಿಸಬೇಕು. ಸ್ಪೈಸ್ 27 ಡಿಗ್ರಿ ಉಷ್ಣತೆಯನ್ನು ಎಣಿಸುತ್ತದೆ. ಸೊಲ್ಲಾಪುರದ ಬೇಸಗೆಯೋ 40 ಡಿಗ್ರಿಯನ್ನು ಮೀರುವುದುಂಟು. ಈ ಅಂಕಿ ಸರಿಯಿಲ್ಲದಿದ್ದರೆ ಆ ಸೆಖೆಯ ಲೆಕ್ಕವೆಲ್ಲ ಹುಸಿಯಾಗುವುದು.

ಗಡಿನಾಡಿನ ನಮ್ಮ ಆಡುಮಾತಿನ ಪದವೊಂದು ನಿಘಂಟಿನಲ್ಲಿ ದೊರೆಯದಿದ್ದರೆ ಆಡಿದವನು ತಪ್ಪಿತಸ್ಥನಾಗನು. ಅದನ್ನು ಕೇಳಿ, ಅರ್ಥವರಿತು, ಸೇರಿಸುವ ಕೆಲಸ ಉಳಿದಿದೆಯೆಂದಷ್ಟೇ ಅರ್ಥ. ಯಂತ್ರದ ಕೋಶಕ್ಕೂ ಇದೇ ನ್ಯಾಯ. ತಾನು ಕಂಡುದನ್ನು ಅಳಿಸುವ ಮುನ್ನ ಅಳೆದು ನೋಡುವ ಧೈರ್ಯ ನಮ್ಮ ಮಕ್ಕಳಿಗೆ ಬಂದರೆ ವಿಜ್ಞಾನದ ಪಾಠವು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.