ಟ್ರ್ಯಾಕ್ಟರಿನ ಹೈಡ್ರಾಲಿಕ್ ಯಂತ್ರದಲ್ಲಿ ಶಕ್ತಿಯ ಪೋಲು

ಟ್ರ್ಯಾಕ್ಟರಿಗೆ ದಿನಕ್ಕೆ ಎಷ್ಟು ಡೀಸೆಲ್ ಹಿಡಿಯಿತೆಂಬ ಲೆಕ್ಕವನ್ನು ಅದರ ಒಡೆಯರೆಲ್ಲರೂ ಇಡುತ್ತಾರೆ. ಆದರೆ ಆ ಡೀಸೆಲಿನಲ್ಲಿ ನೇಗಿಲಿಗೆ ಸಂದದ್ದೆಷ್ಟು, ಚಕ್ರವು ಜಾರಿ ನಷ್ಟವಾದದ್ದೆಷ್ಟು, ಬರಿದೆ ಎಣ್ಣೆಯನ್ನು ಕಾಯಿಸುವುದಕ್ಕೆ ಹೋದದ್ದೆಷ್ಟು ಎಂಬ ವಿಂಗಡಣೆಯನ್ನು ಮಾಡುವವರು ವಿರಳ. ಈ ಮೂರನೆಯ ಬಾಬು ಕಣ್ಣಿಗೆ ಕಾಣುವಂಥದಲ್ಲ. ಅದು ಹೊಗೆಯಾಗಿ ಹೊರಡುವುದಿಲ್ಲ. ನೆಲದ ಮೇಲೆ ಗುರುತನ್ನೂ ಉಳಿಸುವುದಿಲ್ಲ. ಹಿಂದುಗಡೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದವರಿಗೆ ಮಾತ್ರ ಅದರ ಬಿಸಿ ತಿಳಿಯುವುದು. ಸ್ವಂತ ಟ್ರ್ಯಾಕ್ಟರುಳ್ಳವರಿಗೂ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ಕೆಲಸ ಮಾಡಿಸಿಕೊಳ್ಳುವ ಸಣ್ಣ ಹಿಡುವಳಿದಾರರಿಗೂ ಈ ನಷ್ಟವು ಸಮಾನವಾಗಿ ಸಂಬಂಧಪಟ್ಟಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಭಾಗದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಫ್ರಾನ್ಸ್ ದೇಶದ ಪಾಸ್ಕಲನು 17ನೆಯ ಶತಮಾನದಲ್ಲಿ ನಿರೂಪಿಸಿದನು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು 1795ರಲ್ಲಿ ಅದೇ ತತ್ತ್ವದ ಮೇಲೆ ಒತ್ತುವ ಯಂತ್ರವನ್ನು ರಚಿಸಿ ಹಕ್ಕುಪತ್ರವನ್ನು ಪಡೆದನು. ಇದನ್ನು ಬೇಸಾಯದ ನೇಗಿಲಿಗೆ ಸಮರ್ಪಕವಾಗಿ ಅಳವಡಿಸಿದ ಕೀರ್ತಿಯು ಐರ್ಲೆಂಡಿನ ಹ್ಯಾರಿ ಫರ್ಗುಸನ್ ಅವರಿಗೆ ಸಲ್ಲುವುದು. ಮೂರು ಕೊಂಡಿಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಬಂಧಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಅವರ ಏರ್ಪಾಡು 1936ರಲ್ಲಿ ಮಾರಾಟಕ್ಕೆ ಬಂದ ಟ್ರ್ಯಾಕ್ಟರಿನಲ್ಲಿಯೂ, 1939ರಲ್ಲಿ ಹೆನ್ರಿ ಫೋರ್ಡರ ಕಾರ್ಖಾನೆಯಲ್ಲಿ ತಯಾರಾದ ಟ್ರ್ಯಾಕ್ಟರಿನಲ್ಲಿಯೂ ಇದ್ದಿತು. ಫೋರ್ಡ್ ಟ್ರ್ಯಾಕ್ಟರಿನ ಪಂಪಿನ ವಾಲ್ವು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುವ ಕಡೆಯಲ್ಲಿತ್ತು. ಎತ್ತುವ ಕೆಲಸವಿಲ್ಲದಾಗ ಪಂಪಿಗೆ ಎಣ್ಣೆಯೇ ದೊರೆಯದೆ ಅದು ಹೆಚ್ಚು ಶಕ್ತಿಯನ್ನು ತಿನ್ನದೆ ಆಡುತ್ತಿತ್ತು. ಶಕ್ತಿಯ ಉಳಿತಾಯವು ಈಚಿನ ಹೊಸ ಯೋಚನೆಯೆಂದು ಭಾವಿಸುವವರು ಇದನ್ನು ಗಮನಿಸಬಹುದು.

ಈಗ ನಮ್ಮ ಹೊಲಗಳಲ್ಲಿ ದುಡಿಯುತ್ತಿರುವ 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರುಗಳಲ್ಲಿ ಬಹುಪಾಲಿನವಕ್ಕೆ ಗೇರು ಪಂಪು ಇರುತ್ತದೆ. ಎಂಜಿನು ತಿರುಗುತ್ತಿರುವವರೆಗೂ ಈ ಪಂಪು ಎಣ್ಣೆಯನ್ನು ತಳ್ಳುತ್ತಲೇ ಇರುವುದು. ಕೆಲಸವಿಲ್ಲದಾಗ ಎಣ್ಣೆಯು ವಾಲ್ವಿನ ತೆರೆದ ಮಧ್ಯದ ದಾರಿಯಿಂದ ಹಾದು ಮರಳಿ ತೊಟ್ಟಿಗೆ ಬೀಳುತ್ತದೆ. ಲಿವರನ್ನು ಎತ್ತಿದಾಗ ಆ ದಾರಿಯು ಮುಚ್ಚಿ ಎಣ್ಣೆಯು ಸಿಲಿಂಡರಿಗೆ ಹೋಗುತ್ತದೆ. ಸಿಲಿಂಡರು ಕೊನೆ ಮುಟ್ಟಿದ ಮೇಲೂ ಲಿವರನ್ನು ಬಿಡದಿದ್ದರೆ, ಏನೂ ಒಡೆಯದಂತೆ ರಕ್ಷಿಸುವ ರಿಲೀಫ್ ವಾಲ್ವು ತೆರೆದುಕೊಂಡು ಅಷ್ಟೂ ಎಣ್ಣೆಯನ್ನು ಪೂರ್ಣ ಒತ್ತಡದಲ್ಲಿ ತೊಟ್ಟಿಗೆ ಸುರಿಯುತ್ತದೆ. ಆಗ ಕೇಳಿಬರುವ ಕಿರುಗುಟ್ಟುವ ಸದ್ದನ್ನು ಚಾಲಕರೆಲ್ಲರೂ ಬಲ್ಲರು. ಅದರ ಬೆಲೆಯನ್ನು ಬಲ್ಲವರು ಕಡಮೆ.

ಬೆಲೆಯನ್ನು ಕಟ್ಟುವುದು ಕಷ್ಟವಲ್ಲ. ಒತ್ತಡವನ್ನು ಬಾರ್ ಎಂಬ ಮಾನದಲ್ಲಿಯೂ, ಹರಿವನ್ನು ನಿಮಿಷಕ್ಕೆ ಇಷ್ಟು ಲೀಟರೆಂದೂ ತೆಗೆದುಕೊಂಡು, ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಶಕ್ತಿಯು ಕಿಲೋವಾಟಿನಲ್ಲಿ ಬರುವುದು. ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚಿನ ಒತ್ತಡ. ನಿಮಿಷಕ್ಕೆ 30 ಲೀಟರು ತಳ್ಳುವ ಪಂಪು, 180 ಬಾರಿಗೆ ತೆರೆಯುವ ರಿಲೀಫ್ ವಾಲ್ವು ಎಂದಿಟ್ಟುಕೊಂಡರೆ, ವಾಲ್ವು ಕಿರುಗುಟ್ಟುವ ಹೊತ್ತಿನಲ್ಲಿ 9 ಕಿಲೋವಾಟ್, ಅಂದರೆ ಸುಮಾರು 12 ಅಶ್ವಶಕ್ತಿಯು ವ್ಯಯವಾಗುತ್ತದೆ. ಅದರಲ್ಲಿ ಕಿಂಚಿತ್ತೂ ಕೆಲಸಕ್ಕೆ ಬರುವುದಿಲ್ಲ, ಪೂರ್ತಿಯೂ ಶಾಖವಾಗುತ್ತದೆ. 30 ಲೀಟರು ಎಣ್ಣೆಯುಳ್ಳ ತೊಟ್ಟಿಯಾದರೆ ಒಂದೊಂದು ನಿಮಿಷಕ್ಕೂ ಎಣ್ಣೆಯ ಶಾಖವು ಹತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಏರುವುದು.

ಟ್ರೇಲರಿನ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುವುದು. ಐದು ಟನ್ ಗೊಬ್ಬರ ತುಂಬಿದ ಟ್ರೇಲರನ್ನು ಎತ್ತಿ ಸುರಿಯುವಾಗ ಹೊರೆಯ ಭಾರವು ಸರಾಸರಿ 1.2 ಮೀಟರು ಮೇಲೇರುವುದೆಂದು ಇಟ್ಟುಕೊಂಡರೆ, ಅದಕ್ಕೆ ನಿಜವಾಗಿ ಬೇಕಾದ ಶಕ್ತಿಯು ಸುಮಾರು 59 ಕಿಲೋಜೌಲ್. ಟ್ರೇಲರು ತುದಿ ಮುಟ್ಟಿದ ಮೇಲೆ, ಗೊಬ್ಬರವೆಲ್ಲ ಜಾರಿ ಬೀಳಲೆಂದು ಚಾಲಕನು ಲಿವರನ್ನು ಒಂದು ನಿಮಿಷ ಹಿಡಿದುಕೊಂಡು ನಿಂತರೆ, ಆ ಒಂದು ನಿಮಿಷದಲ್ಲಿ ಪೋಲಾಗುವುದು 540 ಕಿಲೋಜೌಲ್. ಐದು ಟನ್ ಎತ್ತಿದ್ದಕ್ಕಿಂತ ಸುಮ್ಮನೆ ನಿಂತದ್ದಕ್ಕೆ ಒಂಬತ್ತು ಪಾಲು ಹೆಚ್ಚು ಖರ್ಚು! ಲಿವರನ್ನು ನಡುವಿಗೆ ತಂದರೂ ವಾಲ್ವು ಎಣ್ಣೆಯನ್ನು ಸಿಲಿಂಡರಿನಲ್ಲಿಯೇ ಹಿಡಿದಿಡುವುದರಿಂದ ಟ್ರೇಲರು ಕೆಳಗಿಳಿಯುವುದಿಲ್ಲ. ಮತ್ತೊಂದು ಅಭ್ಯಾಸವೇನೆಂದರೆ, ಟ್ರೇಲರನ್ನು ಇಳಿಸುವಾಗಲೂ ಎಂಜಿನಿನ ವೇಗವನ್ನು ಹೆಚ್ಚಿಸುವುದು. ಒಂದೇ ಕಡೆಯಿಂದ ಎಣ್ಣೆ ಹೋಗುವ ಸಿಲಿಂಡರಿನಲ್ಲಿ ಇಳಿಸುವ ಕೆಲಸವನ್ನು ಟ್ರೇಲರಿನ ತೂಕವೇ ಮಾಡುವುದು. ಎಂಜಿನು ಅಲ್ಲಿ ಮಾಡಬೇಕಾದದ್ದು ಏನೂ ಇಲ್ಲ.

ಟ್ರೇಲರಿನ ಪೋಲು ನಿಮಿಷಗಳದ್ದು. ಅದನ್ನು ತಿಂಗಳಿಗೆ ಕೂಡಿಸಿದರೂ ಮನೆ ಮುಳುಗುವಂಥದಲ್ಲ. ಗಂಟೆಗಟ್ಟಲೆ ಹೈಡ್ರಾಲಿಕ್ ಶಕ್ತಿಯನ್ನು ಬಳಸುವ ಉಪಕರಣಗಳಲ್ಲಿಯಾದರೋ ಸಂಗತಿಯು ಬೇರೆ. ಭತ್ತದ ಗದ್ದೆಗಳನ್ನು ಸಮಮಾಡುವ ಲೇಸರ್ ಲೆವೆಲರನ್ನು ತೆಗೆದುಕೊಳ್ಳಬಹುದು. ಲೇಸರ್ ಕಿರಣವನ್ನು ಹಿಡಿಯುವ ಪೆಟ್ಟಿಗೆಯು ಕ್ಷಣಕ್ಷಣಕ್ಕೂ ವಿದ್ಯುತ್ ವಾಲ್ವಿಗೆ ಸೂಚನೆ ಕೊಟ್ಟು ಬಕೆಟ್ಟನ್ನು ಏರಿಸಿ ಇಳಿಸುತ್ತಿರಬೇಕಾದುದರಿಂದ, ಟ್ರ್ಯಾಕ್ಟರಿನ ಲಿವರನ್ನು ಕೆಲಸದುದ್ದಕ್ಕೂ ತೆರೆದು ಬಿಗಿದಿಡುವರು. ಲೆವೆಲರಿನ ವಾಲ್ವು ಟ್ರ್ಯಾಕ್ಟರಿನಂತೆಯೇ ತೆರೆದ ಮಧ್ಯದ್ದಾಗಿದ್ದರೆ, ಸೂಚನೆಯಿಲ್ಲದ ಹೊತ್ತಿನಲ್ಲಿ ಎಣ್ಣೆಯು ಸುಲಭವಾಗಿ ಹಾದು ಹಿಂದಿರುಗುವುದು. ಅದು ಮುಚ್ಚಿದ ಮಧ್ಯದ್ದಾಗಿದ್ದು, ಗೇರು ಪಂಪಿನ ಟ್ರ್ಯಾಕ್ಟರಿಗೆ ಹಾಗೆಯೇ ಜೋಡಿಸಲ್ಪಟ್ಟರೆ, ಎಣ್ಣೆಗೆ ರಿಲೀಫ್ ವಾಲ್ವಿನ ಹೊರತು ಬೇರೆ ದಾರಿಯೇ ಉಳಿಯುವುದಿಲ್ಲ. 150 ಬಾರಿನಲ್ಲಿ 30 ಲೀಟರು ಹೀಗೆ ಸುರಿದರೆ ಏಳೂವರೆ ಕಿಲೋವಾಟ್; ಡೀಸೆಲಿನ ಲೆಕ್ಕದಲ್ಲಿ ಗಂಟೆಗೆ 2 ಲೀಟರಿಗೂ ಮೇಲ್ಪಟ್ಟು. ಗದ್ದೆಯು ಸಮವಾಗುತ್ತಿರುವುದರಿಂದ ಯಾರಿಗೂ ಸಂಶಯವೇ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಿಫ್ಟು ನಿಧಾನವಾಗಿ, ಎಣ್ಣೆಯು ಸುಟ್ಟ ವಾಸನೆ ಬಂದಾಗ ಪಂಪನ್ನು ದೂಷಿಸುವರು. ಅನೇಕ ಲೆವೆಲರುಗಳ ವಾಲ್ವಿನಲ್ಲಿ ಒಂದು ಸಣ್ಣ ತಿರುಪನ್ನೋ ಬಿರಡೆಯನ್ನೋ ಬದಲಾಯಿಸಿ ಎರಡೂ ಬಗೆಯ ಟ್ರ್ಯಾಕ್ಟರಿಗೆ ಹೊಂದಿಸುವ ಅನುಕೂಲವಿರುತ್ತದೆ. 2014-15ರಲ್ಲಿ ನಮ್ಮ ರಾಜ್ಯದಲ್ಲಿ ಪ್ರಾರಂಭವಾದ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಂದ ಉಪಕರಣವನ್ನು ತಂದು ಸ್ವಂತ ಟ್ರ್ಯಾಕ್ಟರಿಗೆ ಕಟ್ಟುವವರು ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳತಕ್ಕದ್ದು.

ಇನ್ನು ಕೊಳವೆಗಳ ವಿಚಾರ. ಹೋಸು ಹರಿದಾಗ ಪೇಟೆಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವುದು ವಾಡಿಕೆ. ಒಳ ಅಗಲವು ಅರ್ಧ ಅಂಗುಲವಿದ್ದ ಕಡೆ ಮುಕ್ಕಾಲುಪಾಲಿನ, ಅಂದರೆ ಮೂರು ದೊಡ್ಡಾಣಿ ಅಗಲದ ಹೋಸನ್ನು ಹಾಕಿದರೆ ಹೊರಗಿನಿಂದ ನೋಡುವವರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಎಣ್ಣೆಯು ಸಮಾಧಾನವಾಗಿ ಹರಿಯುವ ಕೊಳವೆಯಲ್ಲಿ ಒತ್ತಡದ ನಷ್ಟವು ಒಳ ಅಗಲದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ಆ ಒಂದು ಬದಲಾವಣೆಯಿಂದ ನಷ್ಟವು ಮೂರು ಪಾಲಿಗೂ ಹೆಚ್ಚಾಗುವುದು. ಕೊಳೆ ಕಟ್ಟಿದ ಫಿಲ್ಟರು, ಪೂರ್ತಿ ಕೂಡದ ಕಪ್ಲಿಂಗು, ಒತ್ತಾಗಿ ಬಾಗಿಸಿದ ಹೋಸು, ಇವುಗಳ ಪರಿಣಾಮವೂ ಇಂಥದೇ. ಕೆಲಸವಿಲ್ಲದೆ ಎಣ್ಣೆಯು ಸುತ್ತುವಾಗ 10 ಬಾರಿನಷ್ಟಿರಬೇಕಾದ ತಡೆಯು 30 ಬಾರಿಗೆ ಏರಿದರೆ, ನಿಮಿಷಕ್ಕೆ 30 ಲೀಟರಿನ ಹರಿವಿಗೆ ಒಂದು ಕಿಲೋವಾಟಿನ ನಷ್ಟವು ಹಗಲೆಲ್ಲ ನಡೆದೇ ಇರುವುದು. ವರ್ಷಕ್ಕೆ ಸಾವಿರ ಗಂಟೆ ಓಡುವ ಬಾಡಿಗೆ ಟ್ರ್ಯಾಕ್ಟರಿಗೆ ಇದು ಸುಮಾರು 300 ಲೀಟರು ಡೀಸೆಲಿಗೆ ಸಮ. ಫಿಲ್ಟರಿನ ಕ್ರಯವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಎಣ್ಣೆಯ ಗುಣವು ಪಂಪಿನ ಗುಣಕ್ಕಿಂತ ಕಡಮೆ ಮುಖ್ಯವಾದುದಲ್ಲ. ಹಲ್ಲುಗಳಿಗೂ ಪೆಟ್ಟಿಗೆಗೂ ನಡುವಣ ಸಂದಿಯಲ್ಲಿ ಎಣ್ಣೆಯು ಹಿಂದಕ್ಕೆ ಸೋರುತ್ತಲೇ ಇರುವುದು. ಸಂದಿಯು ಎರಡರಷ್ಟಾದರೆ ಸೋರಿಕೆಯು ಎಂಟರಷ್ಟಾಗುವುದು. ಎಣ್ಣೆಯು ತೆಳುವಾದಷ್ಟೂ ಸೋರುವುದು ಹೆಚ್ಚು. 46ನೆಯ ಅಂಕದ ಎಣ್ಣೆಯು 40 ಡಿಗ್ರಿಯಲ್ಲಿರುವಾಗ ಇರುವ ಸ್ನಿಗ್ಧತೆಯ ಏಳರಲ್ಲಿ ಒಂದು ಪಾಲಿನಷ್ಟು ಮಾತ್ರ 100 ಡಿಗ್ರಿಯಲ್ಲಿ ಉಳಿಯುವುದು. ಬೆಳಗ್ಗೆ ಚುರುಕಾಗಿ ಎತ್ತುವ ಲಿಫ್ಟು ಮಧ್ಯಾಹ್ನ ಸೋಮಾರಿಯಾಗುವುದಕ್ಕೆ ಇದೇ ಕಾರಣ. ಹಾಗೆಂದು ತೀರ ಮಂದವಾದ ಎಣ್ಣೆಯನ್ನು ಹಾಕುವುದೂ ತಪ್ಪು. ಪಂಪು ಅದನ್ನು ಎಳೆದುಕೊಳ್ಳಲಾರದೆ ಗರಗರ ಶಬ್ದ ಮಾಡಿ ಸವೆಯುವುದು. ಗೇರು, ಬ್ರೇಕು, ಲಿಫ್ಟು ಮೂರಕ್ಕೂ ಒಂದೇ ತೊಟ್ಟಿಯಿರುವ ಟ್ರ್ಯಾಕ್ಟರುಗಳಲ್ಲಿ ತಯಾರಕರು ಹೇಳಿದ ಜಾತಿಯ ಎಣ್ಣೆಯನ್ನಲ್ಲದೆ ಮತ್ತೊಂದನ್ನು ಬೆರೆಸಕೂಡದು. ಕೆಸರುಗದ್ದೆಯಲ್ಲಿ ದುಡಿದ ಟ್ರ್ಯಾಕ್ಟರಿನ ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ತಿಳಿದು, ಅವಧಿಯನ್ನು ಕಾಯದೆ ಬದಲಾಯಿಸತಕ್ಕದ್ದು.

ಹೊರಗಿನ ಸೋರಿಕೆಯನ್ನಾದರೂ ಕಣ್ಣಿನಿಂದ ಕಾಣಬಹುದು. ಸೆಕೆಂಡಿಗೊಂದು ತೊಟ್ಟು ಬಿದ್ದರೂ ಹಗಲು ರಾತ್ರಿ ಸೇರಿ ನಾಲ್ಕು ಲೀಟರಿಗೆ ಮೇಲಾಗುವುದು. ಆದರೆ ಇದನ್ನು ಹುಡುಕುವಾಗ ಒಂದು ಎಚ್ಚರಿಕೆಯು ಅತ್ಯವಶ್ಯಕ. ಸೂಜಿಯ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ನುಗ್ಗಬಲ್ಲುದು. ಮೊದಲಿಗೆ ಇರುವೆ ಕಚ್ಚಿದಷ್ಟೇ ನೋವಾಗಿ ಗಾಯವೂ ಸರಿಯಾಗಿ ಕಾಣದಿರುವುದರಿಂದ ಜನರು ಉದಾಸೀನ ಮಾಡುವರು. ಕೆಲವು ಗಂಟೆಗಳ ತರುವಾಯ ಕೈ ಬಾತು, ಚಿಕಿತ್ಸೆಯು ತಡವಾದರೆ ಬೆರಳನ್ನೇ ತೆಗೆಯಬೇಕಾಗಿ ಬರಬಹುದು. ಆದುದರಿಂದ ಹೋಸನ್ನು ಬರಿಗೈಯಿಂದ ಎಂದಿಗೂ ಸವರಬಾರದು. ರಟ್ಟಿನ ತುಂಡೊಂದನ್ನು ಅಡ್ಡಹಿಡಿದು ಎಣ್ಣೆಯ ಗುರುತನ್ನು ನೋಡಬೇಕು. ಎಣ್ಣೆ ಒಳಹೊಕ್ಕಿತೆಂದು ಸಂದೇಹ ಬಂದಲ್ಲಿ ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗತಕ್ಕದ್ದು.

ಹೈಡ್ರಾಲಿಕ್ ಯಂತ್ರವು ತಾನು ತಿನ್ನುವುದಕ್ಕಿಂತ ಹೆಚ್ಚಾಗಿ ಉಳಿಸಿಕೊಡುವ ಒಂದು ಸಂದರ್ಭವುಂಟು. ಉಳುವಾಗ ಡ್ರಾಫ್ಟ್ ಲಿವರನ್ನು ಬಳಸಿದರೆ, ನೆಲವು ಗಟ್ಟಿಯಾದಲ್ಲಿ ಲಿಫ್ಟು ನೇಗಿಲನ್ನು ತುಸು ಮೇಲಕ್ಕೆಳೆದು ಅದರ ಭಾರವನ್ನು ಹಿಂದಿನ ಚಕ್ರಗಳಿಗೆ ವರ್ಗಾಯಿಸುವುದು. ಚಕ್ರ ಜಾರುವುದು ಕಡಮೆಯಾಗುವುದು. ಅನೇಕ ಚಾಲಕರು ಪೊಸಿಷನ್ ಲಿವರೊಂದನ್ನೇ ಹಿಡಿದು ಉಳುವರು. ಜಾರುವಿಕೆಯನ್ನು ಅಳೆಯುವುದು ಸುಲಭ: ಹಿಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಅದೇ ಹೊಲದಲ್ಲಿ ನೇಗಿಲನ್ನೆತ್ತಿ ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತೆಂದು ಅಳೆದು, ಅನಂತರ ಉಳುತ್ತ ಹತ್ತು ಸುತ್ತನ್ನು ಅಳೆಯುವುದು. 40 ಮೀಟರು 34 ಆಗಿದ್ದರೆ ಜಾರಿದ್ದು ಶೇಕಡಾ 15, ಅಲ್ಲಿಯವರೆಗೆ ಚಿಂತೆಯಿಲ್ಲ. 30 ಆಗಿದ್ದರೆ ಎಂಜಿನಿನ ದುಡಿಮೆಯಲ್ಲಿ ನಾಲ್ಕನೆಯ ಒಂದು ಪಾಲು ಟಯರನ್ನು ಸವೆಸುವುದಕ್ಕೇ ಮೀಸಲಾಗಿದೆ.

ಪಂಪು ಸದಾ ಎಣ್ಣೆಯನ್ನು ತಳ್ಳುವ ಈ ಪದ್ಧತಿಗೆ ಬದಲಾಗಿ, ಬೇಕಾದಾಗ ಬೇಕಾದಷ್ಟೇ ತಳ್ಳುವ ಪಿಸ್ಟನ್ ಪಂಪುಗಳು ದೊಡ್ಡ ಟ್ರ್ಯಾಕ್ಟರುಗಳಲ್ಲಿ ಬಂದಿವೆ. ಅಮೆರಿಕದ ಜಾನ್ ಡಿಯರ್ ಕಂಪೆನಿಯು 1960ರಲ್ಲಿ ಹೊರತಂದ ಟ್ರ್ಯಾಕ್ಟರುಗಳಲ್ಲಿಯೇ ಮುಚ್ಚಿದ ಮಧ್ಯದ ವಾಲ್ವೂ ಇಂಥ ಪಂಪೂ ಇದ್ದುವು. ಹೊರೆಯ ಒತ್ತಡವನ್ನು ಗ್ರಹಿಸಿ ಅದಕ್ಕಿಂತ ಸ್ವಲ್ಪ ಮಾತ್ರ ಹೆಚ್ಚಿನ ಒತ್ತಡವನ್ನು ಕೊಡುವ ಲೋಡ್ ಸೆನ್ಸಿಂಗ್ ಪಂಪು ಇದರ ಮುಂದಿನ ಹೆಜ್ಜೆ. ಇದರಲ್ಲಿಯೂ ಒಂದು ಕೊರತೆಯುಂಟು. ಒಂದೇ ಪಂಪು ಎರಡು ಕೆಲಸಕ್ಕೆ ಎಣ್ಣೆ ಕೊಡುವಾಗ ಒಂದಕ್ಕೆ 200 ಬಾರ್, ಮತ್ತೊಂದಕ್ಕೆ 60 ಬಾರ್ ಬೇಕಾಗಿದ್ದರೆ, ಪಂಪು 200ಕ್ಕೇ ದುಡಿಯಬೇಕಾಗುವುದು. ಎರಡನೆಯದಕ್ಕೆ ಹೋಗುವ ಎಣ್ಣೆಯು ಮಿಕ್ಕ 140 ಬಾರನ್ನು ವಾಲ್ವಿನಲ್ಲಿ ಕಳೆದುಕೊಂಡು ಬಿಸಿಯಾಗುವುದು. ಒಂದೇ ಬಾರಿಗೆ ಅನೇಕ ಸಾಲುಗಳಲ್ಲಿ ಬೀಜ ಬಿತ್ತುವ ಯಂತ್ರಗಳಲ್ಲಿ ಈ ತೊಡಕು ವಿಶೇಷ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಸಂಶೋಧಕರು ಬೇರೆಬೇರೆ ಒತ್ತಡದ ಎಣ್ಣೆಗೆ ಬೇರೆಬೇರೆ ದಾರಿಗಳನ್ನು ಮಾಡಿ, ಆಯಾ ಕೆಲಸಕ್ಕೆ ಹತ್ತಿರವಾದ ದಾರಿಯಿಂದಲೇ ಎಣ್ಣೆಯನ್ನು ಕೊಡುವ ಪ್ರಯೋಗವನ್ನು ನಡೆಯಿಸಿದ್ದಾರೆ. ಅದೇ ದೇಶದ ಓಕ್ ರಿಜ್ ಪ್ರಯೋಗಶಾಲೆಯ 2012ರ ವರದಿಯಂತೆ, ದ್ರವ ಮತ್ತು ಗಾಳಿಯ ಒತ್ತಡದಿಂದ ನಡೆಯುವ ಯಂತ್ರಗಳೆಲ್ಲವನ್ನೂ ಕೂಡಿಸಿ ನೋಡಿದಲ್ಲಿ ಒಳಕ್ಕೆ ಕೊಟ್ಟ ಶಕ್ತಿಯಲ್ಲಿ ಸರಾಸರಿ ಶೇಕಡಾ 22 ಮಾತ್ರ ಕೆಲಸಕ್ಕೆ ಸಲ್ಲುತ್ತಿತ್ತು.

ಇಂಥ ಪಂಪುಗಳ ಬೆಲೆ ಹೆಚ್ಚು. ಎಣ್ಣೆಯ ಕೊಳೆಯನ್ನು ಅವು ಸಹಿಸುವುದೂ ಇಲ್ಲ. ಹತ್ತು ಎಕರೆಯ ಬೇಸಾಯಗಾರನಿಗೆ ಸದ್ಯಕ್ಕೆ ಗೇರು ಪಂಪೇ ತಕ್ಕದ್ದೆಂದು ಹೇಳಬೇಕಾಗಿದೆ. ಆದರೆ ಟ್ರ್ಯಾಕ್ಟರು ಕೊಳ್ಳುವಾಗ ಅಶ್ವಶಕ್ತಿಯನ್ನು ಮಾತ್ರ ವಿಚಾರಿಸದೆ, ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯ ವರದಿಯಲ್ಲಿ ಆ ಮಾದರಿಯ ಪಂಪಿನ ಹರಿವು ಮತ್ತು ಒತ್ತಡಗಳನ್ನು ನೋಡಿ, ತಾನು ಕಟ್ಟಲಿರುವ ಉಪಕರಣಕ್ಕೆ ಅವು ಸರಿಹೋಗುವುವೇ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಈಗಾಗಲೇ ಇರುವ ಟ್ರ್ಯಾಕ್ಟರಿನ ದೋಷವು ಎಲ್ಲಿದೆಯೆಂದು ಕಂಡುಹಿಡಿಯುವುದಕ್ಕೆ ಮುಂಗಾರಿನ ಉಳುಮೆಗೆ ಮುಂಚೆ ಒಂದು ಸರಳ ಪರೀಕ್ಷೆಯನ್ನು ಮಾಡಬಹುದು. ಎಣ್ಣೆಯು ಚೆನ್ನಾಗಿ ಬಿಸಿಯಾದ ಮೇಲೆ ಭಾರವಾದ ನೇಗಿಲನ್ನು ಎತ್ತಿ, ಎಂಜಿನನ್ನು ನಿಲ್ಲಿಸಿ, ನೇಗಿಲು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಬದಿಯಲ್ಲಿ ನಿಂತು ಅಳೆಯಬೇಕು. ಯಾರೂ ಅದರ ಕೆಳಗೆ ಹೋಗಕೂಡದು. ಕೆಲವು ನಿಮಿಷಗಳಲ್ಲಿ ನೇಗಿಲು ಎದ್ದುಕಾಣುವಂತೆ ಇಳಿದರೆ ದೋಷವು ಸಿಲಿಂಡರಿನ ಸೀಲಿನಲ್ಲಿಯೋ ವಾಲ್ವಿನಲ್ಲಿಯೋ ಇದೆ. ಆಗ ಎಂಜಿನು ನಡೆಯುತ್ತಿರುವಾಗಲೂ ಲಿಫ್ಟು ಇಳಿದದ್ದನ್ನು ಮತ್ತೆಮತ್ತೆ ಎತ್ತುತ್ತ ತಲೆದೂಗಿದಂತೆ ಆಡುತ್ತಿರುವುದು. ನೇಗಿಲು ಇಳಿಯದೆ ನಿಂತು, ಎತ್ತುವುದು ಮಾತ್ರ ಬೆಳಗ್ಗೆಗಿಂತ ಬಹಳ ನಿಧಾನವಾಗಿದ್ದರೆ ಮೊದಲು ಎಣ್ಣೆಯ ಮಟ್ಟವನ್ನೂ ಫಿಲ್ಟರನ್ನೂ ನೋಡಬೇಕು. ಅವೆರಡೂ ಸರಿಯಿದ್ದಲ್ಲಿ ಮಾತ್ರ, ಪಂಪನ್ನು ಬಿಚ್ಚಿಸುವುದಕ್ಕೆ ಮೊದಲು, ಹರಿವನ್ನು ಅಳೆಯುವ ಮೀಟರುಳ್ಳ ವರ್ಕ್‌ಷಾಪಿನಲ್ಲಿ ಒತ್ತಡವಿಲ್ಲದೆ ಎಷ್ಟು ಲೀಟರು, ಪೂರ್ಣ ಒತ್ತಡದಲ್ಲಿ ಎಷ್ಟು ಲೀಟರು ಬರುತ್ತದೆಂದು ಬರೆಯಿಸಿಕೊಳ್ಳತಕ್ಕದ್ದು. ಆ ಎರಡು ಅಂಕಿಗಳ ವ್ಯತ್ಯಾಸವೇ ಪಂಪಿನೊಳಗಿನ ಸೋರಿಕೆ.