ಆಂಟಿವೈರಸ್ ತಂತ್ರಾಂಶದ ಹಿನ್ನೆಲೆ ಪ್ರಕ್ರಿಯೆಗಳು

ಪರದೆಯ ಮೇಲೆ ಏನೂ ಕಾಣಿಸದಿದ್ದರೂ ಗಣಕಯಂತ್ರ ಚಾಲನೆಯಲ್ಲಿರುವಷ್ಟು ಹೊತ್ತೂ ಕೆಲಸ ಮಾಡುವ ರಕ್ಷಣಾ ಕ್ರಮವಿಧಿಗಳನ್ನು ಆಂಟಿವೈರಸ್ ತಂತ್ರಾಂಶದ ಹಿನ್ನೆಲೆ ಪ್ರಕ್ರಿಯೆಗಳು ಎನ್ನುತ್ತಾರೆ. ವಿಂಡೋಸ್ 10 ಮತ್ತು 11ರೊಂದಿಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ಮುಖ್ಯ ಪ್ರಕ್ರಿಯೆಯು ಟಾಸ್ಕ್ ಮ್ಯಾನೇಜರ್‌ನಲ್ಲಿ 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಎಂಬ ಹೆಸರಿನಲ್ಲಿ ಕಾಣುತ್ತದೆ.

ಮುಖ್ಯ ಕಾರ್ಯಗಳು

* ನಿರಂತರ ಕಾವಲು: ಕಡತವೊಂದನ್ನು ತೆರೆಯುವಾಗ ಅಥವಾ ಪೆನ್‌ಡ್ರೈವ್‌ನಿಂದ ನಕಲಿಸುವಾಗ ಅದನ್ನು ತಪಾಸಿಸುವುದು. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿರುವ ಫಿಲ್ಟರ್ ಡ್ರೈವರ್ ಎಂಬ ಭಾಗ ಇದಕ್ಕೆ ನೆರವಾಗುತ್ತದೆ.
* ವರ್ತನೆಯ ನಿಗಾ: ಗುರುತು ಇನ್ನೂ ದಾಖಲಾಗದ ಹೊಸ ವೈರಸ್‌ಗಳನ್ನು ಅವುಗಳ ನಡವಳಿಕೆಯಿಂದ ಹಿಡಿಯುವುದು. ಒಂದು ಕ್ರಮವಿಧಿ ಅಲ್ಪ ಸಮಯದಲ್ಲಿ ನೂರಾರು ಕಡತಗಳನ್ನು ಗೂಢಲಿಪೀಕರಿಸತೊಡಗಿದರೆ ಅದು ರ‍್ಯಾನ್ಸಮ್‌ವೇರ್ ಇರಬಹುದು.
* ನಿಗದಿತ ತಪಾಸಣೆ: ಗೊತ್ತುಪಡಿಸಿದ ವೇಳೆಯಲ್ಲಿ ಡಿಸ್ಕನ್ನು ಶೋಧಿಸುವುದು.
* ನವೀಕರಣ: ಹೊಸ ವೈರಸ್‌ಗಳ ಗುರುತುಗಳನ್ನು ಅಂತರಜಾಲದಿಂದ ಪಡೆಯುವುದು.

ವೇಗದ ಮೇಲೆ ಪರಿಣಾಮ

ಪ್ರತಿ ಕಡತದ ತಪಾಸಣೆಗೂ ಪ್ರೊಸೆಸರ್, ಮೆಮೊರಿ ಬೇಕು. ಆದ್ದರಿಂದ ತಪಾಸಣೆಯ ವೇಳೆ ಹಳೆಯ ಯಂತ್ರಗಳು ನಿಧಾನವಾಗುವುದು ಸಹಜ. ನಿರಂತರ ಕಾವಲಿನ ಎರಡು ಆಂಟಿವೈರಸ್‌ಗಳು ಒಟ್ಟಿಗೆ ಇದ್ದರೆ ಒಂದೇ ಕಡತಕ್ಕಾಗಿ ಪರಸ್ಪರ ಅಡ್ಡಿಯಾಗುತ್ತವೆ. ಬೇರೊಂದು ಆಂಟಿವೈರಸ್ ಅಳವಡಿಸಿದಾಗ ಸಾಮಾನ್ಯವಾಗಿ ಡಿಫೆಂಡರ್ ಹಿಂದೆ ಸರಿಯುವುದು ಇದೇ ಕಾರಣಕ್ಕೆ.

ಆಳವಾದ ಅಧಿಕಾರದ ಅಪಾಯ

ಕರ್ನಲ್‌ನಲ್ಲಿ ದೋಷ ಉಂಟಾದರೆ ಇಡೀ ಯಂತ್ರವೇ ನಿಲ್ಲುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಪೂರ್ಣ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಸ್ಥಗಿತಗೊಂಡವು. ಅಂದಿನ ತಾಂತ್ರಿಕ ಅಡಚಣೆಯಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲೂ ವಿಮಾನಗಳು ತಡವಾದವು. ವಿಮಾನಯಾನ ಸಂಸ್ಥೆಗಳ ಸಿಬ್ಬಂದಿ ಗಣಕಯಂತ್ರದ ನೆರವಿಲ್ಲದೆ ಚೆಕ್-ಇನ್ ನಡೆಸಬೇಕಾಯಿತು. ಅದು ವೈರಸ್ ದಾಳಿಯಾಗಿರಲಿಲ್ಲ. ಕಾವಲು ತಂತ್ರಾಂಶದ್ದೇ ಲೋಪವಾಗಿತ್ತು. ಆದರೂ ಕಾವಲನ್ನು ತೆಗೆದುಹಾಕುವುದು ಇದಕ್ಕೆ ಪರಿಹಾರವಲ್ಲ. ನವೀಕರಣಗಳನ್ನು ಪರೀಕ್ಷಿಸಿ ಹಂತಹಂತವಾಗಿ ಬಿಡುಗಡೆ ಮಾಡುವುದು ಅಗತ್ಯ.

ಬಳಕೆದಾರರು ಗಮನಿಸಬೇಕಾದ ಅಂಶಗಳು

ಯಂತ್ರ ನಿಧಾನವಾಯಿತೆಂದು ಈ ಪ್ರಕ್ರಿಯೆಗಳನ್ನು ನಿಲ್ಲಿಸುವುದು ಸರಿಯಲ್ಲ. ಪೂರ್ಣ ತಪಾಸಣೆಯನ್ನು ಬಿಡುವಿನ ವೇಳೆಗೆ ನಿಗದಿಪಡಿಸಬಹುದು. ಕೆಲವು ವೈರಸ್‌ಗಳು ಆಂಟಿವೈರಸ್ಸಿನ ಹೆಸರನ್ನೇ ಧರಿಸುವುದರಿಂದ, ಹೆಸರನ್ನಷ್ಟೇ ನಂಬದೆ ಕಡತ ಯಾವ ಫೋಲ್ಡರ್‌ನಲ್ಲಿದೆ, ಅದರ ಡಿಜಿಟಲ್ ಸಹಿ ಯಾರದು ಎಂಬುದನ್ನು ನೋಡಬೇಕು. 'ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆಮಾಡಿ' ಎಂದು ಜಾಲತಾಣದಲ್ಲಿ ಮೂಡುವ ಸೂಚನೆಗಳು ವಂಚನೆಯವು; ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ.