ಒಬ್ಬನೇ ಧಣಿ ಇದ್ದ ಕಾಲದ ಪೈಲಟ್

ಮೈಸೂರಿಂದ ನಂಜನಗೂಡಿಗೆ ಹೋಗ್ತಾ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತಲ್ಲ, ಅಲ್ಲಿ ಪೈಲಟ್ ತರಬೇತಿ ಶಾಲೆಯೂ ಇದೆ. ಟಿ. ನರಸೀಪುರದ ಕೇಳುಗರೊಬ್ಬರ ಪ್ರಶ್ನೆ: ‘ಖಾಸಗಿ ಕಂಪನಿಯೇ ಇಲ್ಲದ ಕಮ್ಯುನಿಸ್ಟ್ ದೇಶದಲ್ಲಿ ಪೈಲಟ್ ಜೀವನ ಹೇಗಿತ್ತು ಸಾರ್?’

ಅರ್ಧ ಉತ್ತರ ನಮ್ಮಲ್ಲೇ ಇದೆ. 1953ರಲ್ಲಿ ನಮ್ಮ ಸರ್ಕಾರ ಎಂಟು ಖಾಸಗಿ ವಿಮಾನ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ವಿದೇಶಕ್ಕೆ ಏರ್ ಇಂಡಿಯಾ. ಎರಡೂ ಸರ್ಕಾರದ್ದೇ. ಸುಮಾರು ನಾಲ್ಕು ದಶಕ, ದಿನನಿತ್ಯದ ವೇಳಾಪಟ್ಟಿ ವಿಮಾನ ಹಾರಿಸಬೇಕು ಅಂದ್ರೆ ಇಲ್ಲಿ ಬೇರೆ ಧಣಿ ಇರಲಿಲ್ಲ. ಇಷ್ಟರಮಟ್ಟಿಗೆ ನಾವೂ ಸೋವಿಯತ್ ಒಕ್ಕೂಟವೂ ಒಂದೇ. ಅಲ್ಲಿ ಏರೋಫ್ಲೋಟ್, ಅಷ್ಟೇ.

ವ್ಯತ್ಯಾಸ ಇರೋದು ‘ಆಗಲ್ಲ’ ಅನ್ನೋ ಮಾತಲ್ಲಿ. ಅಲ್ಲಿನ ಪೈಲಟ್‌ಗೆ ಒಳ್ಳೆ ಸಂಬಳ, ಮರ್ಯಾದೆ ಎರಡೂ ಇತ್ತು. ನಂಬಿಕೆ ಮಾತ್ರ ಇರಲಿಲ್ಲ. ಯಾಕೆ ಅಂದ್ರೆ, ಗಡಿ ದಾಟೋ ಯಂತ್ರ ಅವನ ಕೈಲೇ ಇತ್ತಲ್ಲ! ವಿದೇಶಕ್ಕೆ ಹೋಗೋ ಸಿಬ್ಬಂದಿಯನ್ನು ಜಾಲಾಡಿ ನೋಡಿಯೇ ಕಳಿಸುತ್ತಿದ್ದರು. ಆ ಭಯ ಸುಳ್ಳೂ ಅಲ್ಲ. 1950ರ ಮಾರ್ಚ್‌ನಲ್ಲಿ ಜೆಕೊಸ್ಲೊವಾಕಿಯಾದ ಮೂರು ಪ್ರಯಾಣಿಕ ವಿಮಾನಗಳು ಪ್ರಾಗ್‌ಗೆ ಅಂತ ಹೊರಟು ಒಂದೇ ದಿನ ಪಶ್ಚಿಮ ಜರ್ಮನಿಯ ಎರ್ಡಿಂಗ್‌ನಲ್ಲಿ ಇಳಿದವು. ತಿರುಗಿಸಿದವರಲ್ಲಿ ಯುದ್ಧಕಾಲದಲ್ಲಿ ಬ್ರಿಟನ್ ವಾಯುಪಡೆಯಲ್ಲಿ ಹಾರಿದ್ದ ಪೈಲಟ್‌ಗಳಿದ್ದರು. ಆ ಹಿನ್ನೆಲೆಗೇ ಹೊಸ ಸರ್ಕಾರ ಅಂಥವರನ್ನು ಕೆಲಸದಿಂದ ತೆಗೀತಿತ್ತು, ಜೈಲಿಗೂ ಹಾಕ್ತಿತ್ತು. ಏನೂ ಗೊತ್ತಿಲ್ಲದೆ ಕೂತಿದ್ದ ಪ್ರಯಾಣಿಕರ ಮುಖ ಹೇಗಿತ್ತೋ!

ನಮ್ಮ ಪೈಲಟ್‌ಗಳಿಗೆ ಓಡಿಹೋಗೋ ಅಗತ್ಯ ಬೀಳಲಿಲ್ಲ. ಯೂನಿಯನ್ ಇತ್ತು, ಮುಷ್ಕರ ಮಾಡಿದರು. 1992ರ ಡಿಸೆಂಬರ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಕೆಲಸ ನಿಲ್ಲಿಸಿದಾಗ ಸಂಸ್ಥೆ ಏನು ಮಾಡಿತು ಗೊತ್ತಾ? ಹಿಂದಿನ ವರ್ಷವಷ್ಟೇ ಸೋವಿಯತ್‌ನಿಂದ ಬೇರೆಯಾಗಿದ್ದ ಉಜ್ಬೇಕಿಸ್ತಾನದಿಂದ ಟುಪೊಲೆವ್ ವಿಮಾನವನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತಂತು. ಒಬ್ಬನೇ ಧಣಿಯ ಕೈಕೆಳಗೆ ಕೆಲಸ ಕಲಿತವರು ನಮ್ಮಲ್ಲಿನ ಮುಷ್ಕರ ಮುರಿಯೋಕೆ ಬಂದರು. ಅವರನ್ನು ದೂರೋದು ಸುಲಭ. ನನಗೆ ಮನಸ್ಸು ಬರಲ್ಲ, ಅವರ ದೇಶವೇ ಆಗ ಕುಸಿದಿತ್ತು.

1993ರ ಜನವರಿ 9ರಂದು ಹೈದರಾಬಾದಿಂದ ಬಂದ ಆ ವಿಮಾನ ದೆಹಲಿಯ ಮಂಜಿನಲ್ಲಿ ಇಳಿಯುವಾಗ ರನ್‌ವೇ ತಪ್ಪಿ ಮಗುಚಿ ಬಿತ್ತು, ಬೆಂಕಿ ಹೊತ್ತಿತು. ಒಳಗೆ 150ಕ್ಕೂ ಹೆಚ್ಚು ಜನ. ಒಬ್ಬರೂ ಸಾಯಲಿಲ್ಲ.

ಮರುವರ್ಷ, 1994ರಲ್ಲಿ, 1953ರ ಆ ಕಾಯ್ದೆಯೇ ರದ್ದಾಯಿತು. ಅಷ್ಟರಲ್ಲಾಗಲೇ ಹಲವು ಪೈಲಟ್‌ಗಳು ಖಾಸಗಿ ಕಂಪನಿಗಳ ಸಮವಸ್ತ್ರ ಹಾಕಿದ್ದರು.